ಗಾಳಿಗೆ ಬಲೆ ಕಟ್ಟಿದ ಯಜಮಾನ

1938ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಎಂಬ ಕಂಪನಿ ಬಟ್ಟೆ ಒಣಗಿಸುವ ಯಂತ್ರವೊಂದನ್ನು ಮಾರಾಟಕ್ಕೆ ಬಿಟ್ಟಿತು. ಅದಕ್ಕಿಟ್ಟ ಹೆಸರು ‘ಜೂನ್ ಡೇ’. ಹೊರಗೆ ಹಿಮ ಸುರಿಯುತ್ತಿದ್ದರೂ ನಿಮ್ಮ ಬಟ್ಟೆಗೆ ಜೂನ್ ತಿಂಗಳ ಎಳೆಬಿಸಿಲು ಗ್ಯಾರಂಟಿ ಅಂತ. ಹೆಸರಿಟ್ಟ ಪುಣ್ಯಾತ್ಮ ಮೂಡಿಗೆರೆ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ನಮ್ಮಲ್ಲಿ ಜೂನ್ ಎಂದರೆ ಬಟ್ಟೆ ಒಣಗುವುದು ನಿಲ್ಲುವ ತಿಂಗಳು. ಮೃಗಶಿರಾ ಹಿಡಿದುಕೊಂಡಿತೆಂದರೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಮಖೆ ಕಳೆಯುವ ತನಕ ತಂತಿಯ ಮೇಲಿನ ಬನಿಯನ್ನಿಗೆ ಬಿಸಿಲು ಕಾಣುವ ಯೋಗವಿಲ್ಲ, ಬೂಷ್ಟು ಹಿಡಿಯುವ ಯೋಗ ಖಂಡಿತ ಇದೆ.

ಆ ಯಂತ್ರದ ಮೂಲಪುರುಷ ನಾರ್ತ್ ಡಕೋಟಾದ ಜೆ. ರಾಸ್ ಮೂರ್ ಎಂಬಾತ. ಅಲ್ಲಿನ ಚಳಿಗಾಲದಲ್ಲಿ ಒದ್ದೆ ಬಟ್ಟೆ ಹೊರಗೆ ಹರವಿದರೆ ಮರಗಟ್ಟಿ ನಿಲ್ಲುತ್ತದೆ. ಅದಕ್ಕೆ ಆತ ಮನೆ ಪಕ್ಕದಲ್ಲೊಂದು ಶೆಡ್ಡು ಕಟ್ಟಿ, ಒಳಗೆ ಒಲೆ ಹಾಕಿ, ಬಟ್ಟೆ ನೇತುಹಾಕಿದನಂತೆ. ಒಲೆ ಇರುವ ಶೆಡ್ಡಿಗೆ ನಾವು ಬಚ್ಚಲಮನೆ ಅನ್ನುತ್ತೇವೆ. ಪೇಟೆಂಟ್ ಮಾಡಿಸಿರಲಿಲ್ಲ, ಅಷ್ಟೆ.

ನಮ್ಮ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ, ಅದರಡಿ ಮಳೆಗಾಲವಿಡೀ ಆರದ ಬೆಂಕಿ, ಮೇಲೆ ಗೋಡೆಯಿಂದ ಗೋಡೆಗೆ ಬಿದಿರಿನ ಗಳ. ಗಳದ ಮೇಲೆ ಅಪ್ಪನ ಚಡ್ಡಿಯಿಂದ ಹಿಡಿದು ಪಟೇಲರ ಮನೆ ಮದುವೆಗೆ ಹೋಗಿಬಂದ ಸೀರೆಯವರೆಗೆ ಎಲ್ಲ ಒಂದೇ ಸಾಲಿನಲ್ಲಿ. ಎಳೆಮಗುವಿನ ಬಟ್ಟೆಗೆ ಮಾತ್ರ ವಿಶೇಷ ಮರ್ಯಾದೆ: ಕೆಂಡದ ಮೇಲೆ ಬೆತ್ತದ ಬುಟ್ಟಿ ಕವುಚಿ, ಒಂದು ಚಿಟಿಕೆ ಸಾಂಬ್ರಾಣಿ ಹಾಕಿ, ಬುಟ್ಟಿಯ ಬೆನ್ನ ಮೇಲೆ ಹರವಿ ಒಣಗಿಸುವುದು. ಶಾಲೆಗೆ ಹೋದರೆ ಯೂನಿಫಾರ್ಮ್ ಮೂಸಿಯೇ ಯಾರ ಮನೆಯಲ್ಲಿ ಹಲಸಿನ ಸೌದೆ, ಯಾರ ಮನೆಯಲ್ಲಿ ಸಿಲ್ವರ್ ಓಕಿನ ಸೌದೆ ಎಂದು ಹೇಳುವ ಮೇಷ್ಟ್ರಿದ್ದರು. ಹೊಗೆ ವಾಸನೆ ಬಟ್ಟೆಯ ಗುಣವೇ ಹೊರತು ದೋಷ ಎಂದು ನಮಗೆ ಅನ್ನಿಸಿದ್ದೇ ಇಲ್ಲ.

ಅದು ದೋಷ ಎಂದು ಗೊತ್ತಾಗಿದ್ದು ಹೋಂಸ್ಟೇ ಶುರುಮಾಡಿದ ಮೇಲೆ. ಕಾಫಿ ರೇಟು ನೆಲಕಚ್ಚಿ, ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದು, ‘ಇರುವ ಮನೆಯನ್ನೇ ದುಡಿಸೋಣ’ ಎಂದು ಎಲ್ಲರೂ ಬೋರ್ಡು ಹಾಕಿದ ಕಾಲದಲ್ಲಿ ನಾನೂ ಹಾಕಿದೆ. ಬೆಂಗಳೂರಿನವರು ಬಂದರು. ಬೆಳಿಗ್ಗೆ ಎತ್ತಿನಭುಜ ಹತ್ತಿದರು, ಮಧ್ಯಾಹ್ನ ದೇವರಮನೆ ಗುಡ್ಡದಲ್ಲಿ ಮಂಜು ನೋಡಿದರು, ಸಂಜೆ ಕೆಮ್ಮಣ್ಣು ಮೆತ್ತಿಕೊಂಡು, ಕಾಲ್ಬೆರಳ ಸಂದಿಯಲ್ಲಿ ಇಂಬಳ ಕಚ್ಚಿಸಿಕೊಂಡು ವಾಪಸು ಬಂದು, ನಮ್ಮ ಬಿಳಿಯ ಟರ್ಕಿ ಟವೆಲ್ಲಿನಲ್ಲಿ ಎಲ್ಲವನ್ನೂ ಒರೆಸಿದರು. ಹೋಂಸ್ಟೇಗೆ ಬಿಳಿ ಟವೆಲ್ ಕೊಳ್ಳುವವನಷ್ಟು ಆಶಾವಾದಿ ಭೂಮಿ ಮೇಲೆ ಇನ್ನೊಬ್ಬನಿಲ್ಲ.

ಬಚ್ಚಲ ಗಳದ ಮೇಲೆ ಒಣಗಿದ ಬೆಡ್‌ಶೀಟ್ ಹೊದ್ದು ಮಲಗಿದ ಒಬ್ಬಾಕೆ ಬೆಳಿಗ್ಗೆ ನನ್ನ ಹೆಂಡತಿಯನ್ನು ಬಹಳ ವಿನಯದಿಂದ ಕೇಳಿದಳು, “ಆಂಟಿ, ರಾತ್ರಿ ನಮ್ಮ ರೂಮಿನ ಹತ್ರ ಒಣಮೀನು ಸುಟ್ರಾ?” ಅಂದು ಸಂಜೆಯೇ ಮನೆಯಲ್ಲಿ ಡ್ರೈಯರ್ ಎಂಬ ಶಬ್ದ ಮೊದಲ ಬಾರಿಗೆ ಕೇಳಿಬಂತು.

ತಂದದ್ದು ಸೆಕೆಂಡ್ ಹ್ಯಾಂಡ್. ಹಾಸನದ ಯಾವುದೋ ಲಾಡ್ಜಿನಲ್ಲಿದ್ದ 15 ಕೆಜಿ ಯಂತ್ರ, ಗ್ಯಾಸಿನದ್ದು. ಕರೆಂಟಿನದ್ದು ಬೇಡವೆಂದು ನಾನೇ ಹಟ ಹಿಡಿದೆ. ಮಳೆಗಾಲದಲ್ಲಿ ಕರೆಂಟು ನಂಬಿ ಕೆಟ್ಟವರಿದ್ದಾರೆ, ಗ್ಯಾಸು ನಂಬಿ ಕೆಟ್ಟವರಿಲ್ಲ ಎಂದು ಭಾಷಣವನ್ನೂ ಬಿಗಿದೆ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಎರಡು ಬಂದು ಕೂತವು. ಗ್ಯಾಸು ಬಿಸಿ ಮಾತ್ರ ಕೊಡುತ್ತದೆ, ಡ್ರಮ್ಮು ತಿರುಗಲು ಕರೆಂಟೇ ಬೇಕು ಎಂಬುದು ಯಂತ್ರ ಇಳಿಸಿದ ಮೇಲೆ ತಿಳಿಯಿತು. ಆಮೇಲೆ ಜನರೇಟರ್ ಬಂತು. ಜನರೇಟರಿಗೆ ಡೀಸೆಲ್ಲು ಬಂತು. ಭಾಷಣದ ವಿಷಯ ಯಾರೂ ಎತ್ತಲಿಲ್ಲ, ಹೆಂಡತಿ ಹೊರತು.

ಯಂತ್ರ ಕೂರಿಸಲು ಬಂದ ಹುಡುಗ ಇಪ್ಪತ್ತೈದರ ಒಳಗಿನವನು. ಮಾತು ಕಡಿಮೆ. ಅಗಲದ ತಗಡಿನ ಪೈಪನ್ನು ಯಂತ್ರದ ಬೆನ್ನಿನಿಂದ ನೇರ ಗೋಡೆಯಾಚೆ ಹಾಯಿಸಿ, ಹೊರತುದಿಗೆ ಗಾಳಿ ಬಂದಾಗ ತಾನೇ ತೆರೆದುಕೊಳ್ಳುವ ಒಂದು ರೆಕ್ಕೆ ಬಾಗಿಲು ಹಾಕಿದ. ಹೊರಡುವಾಗ ಮೂರೇ ಮಾತು ಹೇಳಿದ. “ಸಾರ್, ಪೈಪ್ ಉದ್ದ ಮಾಡ್ಬೇಡಿ, ಬಗ್ಗಿಸ್ಬೇಡಿ. ಹೊರಗೆ ಜಾಲರಿ ಹೊಡೀಬೇಡಿ. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಈ ಫಿಲ್ಟರ್ ಎಳೆದು ಕ್ಲೀನ್ ಮಾಡಿ.” ನಾನು ತಲೆಯಾಡಿಸಿದೆ. ಈ ಹುಡುಗನ ವಯಸ್ಸಿಗಿಂತ ಹೆಚ್ಚು ವರ್ಷ ಕಾಫಿ ಒಣಗಿಸಿದ ತಲೆ ಅದು. ಪಾರ್ಚ್‌ಮೆಂಟ್ ಆದರೆ ತೇವಾಂಶ ಶೇ. 10ಕ್ಕೆ ಇಳಿಯಬೇಕು, ರೋಬಸ್ಟಾ ಚೆರ್ರಿ ಆದರೆ ಶೇ. 11ಕ್ಕೆ, ಚೆರ್ರಿ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಇಷ್ಟು ಗೊತ್ತಿರುವವನಿಗೆ ಟವೆಲ್ ಒಣಗಿಸುವುದು ಒಬ್ಬರಿಂದ ಕೇಳಿ ಕಲಿಯುವ ವಿದ್ಯೆಯೇ?

ಅವನ ಬೈಕು ಗೇಟು ದಾಟಿದ ವಾರದಲ್ಲೇ ತೊಡಕು ಶುರುವಾಯಿತು. ಪೈಪಿನ ಬಾಯಿ ಇದ್ದದ್ದು ಅತಿಥಿಗಳು ಕೂತು ಕಾಫಿ ಕುಡಿಯುವ ಜಗಲಿಯ ಪಕ್ಕ. ಅವರು ಮಲೆನಾಡಿನ ಶುದ್ಧ ಗಾಳಿ ಎಂದು ಕಣ್ಣುಮುಚ್ಚಿ ಉಸಿರೆಳೆದರೆ ಒಳಗೆ ಹೋಗುತ್ತಿದ್ದದ್ದು ಸೋಪಿನ ಪುಡಿಯ ಹಬೆ. ಹಾಗಾಗಿ ಪೈಪನ್ನು ಹಿಂದಕ್ಕೆ, ಸೌದೆ ಕೊಟ್ಟಿಗೆಯ ಕಡೆ ತಿರುಗಿಸಲು ತೀರ್ಮಾನಿಸಿದೆ. ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿ ಸುರುಳಿಯಾಗಿ ಎಳೆದರೆ ಉದ್ದವಾಗುವ ಪ್ಲಾಸ್ಟಿಕ್ ಪೈಪು ಸಿಕ್ಕಿತು. ಅಗ್ಗ. ಹಗುರ. ಎತ್ತ ಬೇಕಾದರೂ ಬಗ್ಗುತ್ತದೆ. ಅಡುಗೆಮನೆ ಮೂಲೆಯಲ್ಲಿ ಒಂದು ಬಾಗು, ಅಟ್ಟದ ತೊಲೆಯ ಹತ್ತಿರ ಇನ್ನೊಂದು, ನೀರಿನ ಟ್ಯಾಂಕು ಸುತ್ತಿ ಮತ್ತೊಂದು. ಚಾರ್ಮಾಡಿ ಘಾಟಿಯಲ್ಲೂ ಅಷ್ಟು ಹತ್ತಿರ ಹತ್ತಿರ ತಿರುವಿಲ್ಲ. ತುದಿಯ ರೆಕ್ಕೆ ಬಾಗಿಲು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಅದನ್ನು ಕಿತ್ತೆಸೆದೆ. ತೆರೆದ ಬಾಯಿಯಿಂದ ಬಾವಲಿ, ಕಣಜದ ಹುಳ ಒಳಗೆ ಹೋದಾವೆಂದು ಕಿಟಕಿಗೆ ಹೊಡೆದು ಉಳಿದಿದ್ದ ಸೊಳ್ಳೆ ಜಾಲರಿಯನ್ನು ಎರಡು ಮಡಿಕೆ ಮಾಡಿ ತಂತಿ ಸುತ್ತಿ ಬಿಗಿದೆ. ಹುಡುಗ ಹೇಳಿದ ಮೂರು ಮಾತಿನಲ್ಲಿ ಎರಡನ್ನು ಒಂದೇ ಮಧ್ಯಾಹ್ನದಲ್ಲಿ ತೀರಿಸಿದ ತೃಪ್ತಿಯಲ್ಲಿ ಒಂದು ಲೋಟ ಕಾಫಿ ಕುಡಿದೆ.

ಮೂರನೆಯದಕ್ಕೆ ಸ್ವಲ್ಪ ಕಾಲ ಹಿಡಿಯಿತು.

ಫಿಲ್ಟರ್ ಎಂದರೆ ಡ್ರಮ್ಮಿನ ಕೆಳಗೆ ಎಳೆಯುವ ಒಂದು ಅಗಲ ಜರಡಿ. ಬಿಸಿಗಾಳಿಯಲ್ಲಿ ಬಟ್ಟೆ ಹೊರಳಾಡುವಾಗ ಉದುರುವ ನೂಲಿನ ಜುಂಗು ಅದರ ಮೇಲೆ ಬಂದು ಕೂರುತ್ತದೆ. ಲಿಂಟ್ ಅನ್ನುತ್ತಾರೆ. ಮೊದಲ ದಿನ ಎಳೆದು ನೋಡಿದಾಗ ತಿಳಿ ಬೂದುಬಣ್ಣದ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗಿಳಿಯುವ ಒಂದು ಹಾಸು. ಒಂದು ಅಂಚು ಹಿಡಿದೆತ್ತಿದರೆ ಪೂರ್ತಿ ಹಾಗೇ ಎದ್ದು ಬಂತು. ಅದರಲ್ಲಿ ಯಾರದೋ ಉದ್ದ ಕೂದಲು, ಒಂದು ಬಿಂದಿ, ಚೂಯಿಂಗ್ ಗಮ್ಮಿನ ಬೆಳ್ಳಿಕಾಗದ. ಬಿಸಾಕಲು ಹೊರಟವನನ್ನು ಅಮ್ಮ ತಡೆದಳು. “ಎಂತ ಮಗಾ, ಇಷ್ಟು ಚಂದ ಹತ್ತಿ ಕಸಕ್ಕೆ ಹಾಕ್ತೀಯ? ಬತ್ತಿ ಮಾಡಬಹುದಲ್ಲ.” ಕೂದಲು, ಬಿಂದಿ ಆರಿಸಿ, ತೊಡೆಯ ಮೇಲಿಟ್ಟು ಹೊಸೆದು, ಹೂಬತ್ತಿ ಮಾಡಿ ಡಬ್ಬಿಗೆ ತುಂಬಿದಳು. ಆ ಸಂಜೆ ದೇವರ ಮುಂದೆ ಹಚ್ಚಿದಳು. ಹತ್ತಿಯ ಬತ್ತಿ ಎಣ್ಣೆ ಹೀರಿ ತಣ್ಣಗೆ ಉರಿಯುತ್ತದೆ. ಇದು ಭುಗ್ಗೆಂದು ಎದ್ದು, ಕರ್ರನೆ ಹೊಗೆ ಕಾರಿ, ಧರ್ಮಸ್ಥಳದ ಮಂಜುನಾಥನ ಫೋಟೊ ಗಾಜಿಗೆ ಮಸಿ ಬಳಿದು, ಅಷ್ಟೇ ಬೇಗ ಮುಗಿದುಹೋಯಿತು. ನಮ್ಮ ಬೆಡ್‌ಶೀಟುಗಳಲ್ಲಿ ಅರ್ಧ ಪಾಲಿಯೆಸ್ಟರ್ ಎಂಬ ಸತ್ಯ ಅಂಗಡಿಯವನ ಮಾತಿಗಿಂತ ಸ್ಪಷ್ಟವಾಗಿ ಅಂದು ಬೆಳಕಿಗೆ ಬಂತು. ಅಮ್ಮ ಡಬ್ಬಿಯನ್ನು ತಿಪ್ಪೆಗೆ ಸುರಿದಳು. ಇಂಥ ವಸ್ತು ಗ್ಯಾಸಿನ ಉರಿಯ ಪಕ್ಕದಲ್ಲೇ ದಿನವೂ ಹುಟ್ಟುತ್ತಿದೆಯಲ್ಲ ಎಂದು ಒಬ್ಬ ಬುದ್ಧಿವಂತನಿಗೆ ಹೊಳೆಯಬೇಕಿತ್ತು. ಆಗ ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಶುರುವಿಗೆ ಪ್ರತಿ ಸಲ ಜರಡಿ ಕೊಡವುತ್ತಿದ್ದೆ. ಆಮೇಲೆ ದಿನಕ್ಕೊಮ್ಮೆ ಸಾಕು ಅನ್ನಿಸಿತು. ಆಮೇಲೆ ತೋಟದ ಕೆಲಸಕ್ಕೆ ಹಾಕಿಕೊಂಡ ಲೆಕ್ಕವನ್ನೇ ಇದಕ್ಕೂ ಹಾಕಿದೆ: ಗಿಡಗಸಿ ವರ್ಷಕ್ಕೊಮ್ಮೆ, ಮರಗಸಿ ವರ್ಷಕ್ಕೊಮ್ಮೆ, ಜರಡಿ ನೆನಪಾದಾಗೊಮ್ಮೆ.

ಆಗಸ್ಟ್ 15ರ ರಜೆಗೆ ವಾರಾಂತ್ಯ ಅಂಟಿಕೊಂಡು ಬಂದರೆ ನಮ್ಮ ಜಿಲ್ಲೆಯ ಗುಡ್ಡಗಳಿಗೆ ಜಾತ್ರೆ. ಐದೂ ರೂಮು ಭರ್ತಿ. ಹೊರಗೆ ಆಶ್ಲೇಷಾ ಮಳೆ ಕಿವಿಗಡಚಿಕ್ಕುವಂತೆ ಹೊಯ್ಯುತ್ತಿತ್ತು. ಯಂತ್ರದ್ದು ಅದಾಗಲೇ ತಕರಾರು: ಮೊದಲು ಮುಕ್ಕಾಲು ಗಂಟೆಯಲ್ಲಿ ಒಣಗಿಸುತ್ತಿದ್ದುದು ಒಂದೂವರೆ ಗಂಟೆಗೆ ಬಂದಿತ್ತು. ನಾನು ಬಿಸಿ ಏರಿಸಿದೆ. ಎರಡು ಗಂಟೆಗೆ ಬಂತು. ಇನ್ನಷ್ಟು ಏರಿಸಿದೆ. ಶನಿವಾರ ಮಧ್ಯಾಹ್ನ ಬಾಗಿಲು ತೆರೆದರೆ ಡ್ರಮ್ಮಿನೊಳಗಿಂದ ಹಬೆ ಮುಖಕ್ಕೆ ಹೊಡೆಯಿತು. ಟವೆಲ್ಲುಗಳು ಬಿಸಿಯಾಗಿದ್ದವು, ಆದರೆ ಒದ್ದೆ. ಕಡುಬಿನ ಪಾತ್ರೆ ಇಳಿಸಿದಂತಿತ್ತು. ಮತ್ತೆ ಹಾಕಿ ಸ್ವಿಚ್ಚು ಒತ್ತಿದೆ. ಡ್ರಮ್ಮು ತಿರುಗಿತು, ಒಳಗೆ ಉರಿ ಮಾತ್ರ ಹತ್ತಲಿಲ್ಲ. ಒಂದು ಕ್ಷಣ ನೀಲಿ ಬೆಳಕು ಕಂಡು ಟಕ್ಕೆಂದು ಆರಿಹೋಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಮೂಡಿಗೆರೆ ಸೀಮೆಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಪ್ರತಿ ಗಂಡಸಿಗೂ ತಾನೊಬ್ಬ ಪುಟ್ಟ ತೇಜಸ್ವಿ ಎಂಬ ಭ್ರಮೆ ಇದೆ. ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಇಲ್ಲೇ ತೋಟದಲ್ಲಿ ಕೂತು ಹಕ್ಕಿ, ಮೀನು, ಕ್ಯಾಮೆರಾ, ಕಂಪ್ಯೂಟರ್ ಎಂದು ಕೈಹಾಕದ ವಿಷಯವಿಲ್ಲ. ಅವರು ಕೈಹಾಕುವ ಮೊದಲು ಓದುತ್ತಿದ್ದರು, ನೋಡುತ್ತಿದ್ದರು ಎಂಬ ಭಾಗವನ್ನು ನಾವು ಬಿಟ್ಟುಬಿಟ್ಟೆವು. ಕುತೂಹಲವೊಂದಿದ್ದರೆ ಸಾಕು, ಉಳಿದದ್ದು ತನ್ನಿಂತಾನೇ ಬರುತ್ತದೆ ಎಂದು ನಂಬಿ ಎಷ್ಟು ಮಿಕ್ಸಿ, ಎಷ್ಟು ಮೋಟರು ಈ ತಾಲ್ಲೂಕಿನಲ್ಲಿ ಹಾಳಾಗಿವೆಯೋ!

ಹಿಂದಿನ ತಗಡು ಬಿಚ್ಚಿದೆ. ಬಿಚ್ಚಬೇಕಾದದ್ದು ಮುಂದಿನದು. ಹಿಂದಿನದನ್ನು ವಾಪಸು ಹಾಕಿದಾಗ ನಾಲ್ಕು ಸ್ಕ್ರೂ ಉಳಿದವು. ಕಂಪನಿಯವರು ಧಾರಾಳಿಗಳು ಎಂದುಕೊಂಡೆ. ಮುಂದಿನದನ್ನು ಬಿಚ್ಚಿದಾಗ ಒಳಗೆ ಒಂದು ಸಣ್ಣ ತಗಡಿನ ನಾಲಿಗೆ ಕಂಡಿತು. ಯಂತ್ರ ಓಡುವಾಗ ಅದು ಅರೆಬರೆ ಮೇಲೆದ್ದು, ನಡುಗಿ, ಕೆಳಗೆ ಬೀಳುತ್ತಿತ್ತು. ಬೆರಳಲ್ಲಿ ಒತ್ತಿ ಹಿಡಿದರೆ ಉರಿ ಹತ್ತುತ್ತಿತ್ತು. ಬಿಟ್ಟರೆ ಆರುತ್ತಿತ್ತು. ಸಿಕ್ಕಿತು ಕಳ್ಳ! ನಾಲಿಗೆ ಸಡಿಲವಾಗಿದೆ, ಅಷ್ಟೆ. ಕಾಫಿ ಮೂಟೆ ಹೊಲಿಯುವ ಗೋಣಿದಾರ ತಂದು, ದಬ್ಬಣದಲ್ಲಿ ಹಾಯಿಸಿ, ನಾಲಿಗೆಯನ್ನು ಒತ್ತಿ ಬಿಗಿದು ಕಟ್ಟಿದೆ. ಉರಿ ಹತ್ತಿತು. ನಿಂತಿತು. ರೂಮು ಗುಡಿಸುವ ಹುಡುಗನ ಕಡೆ ತಿರುಗಿ, “ನೋಡಿದ್ಯಾ? ಇದಕ್ಕೆ ಮಂಗಳೂರಿಂದ ಜನ ಕರೆಸೋರು ದಡ್ಡರು” ಅಂದೆ.

ಅವನು, “ಅಣ್ಣಾ, ಎಂತದೋ ಸುಟ್ಟ ವಾಸನೆ” ಅಂದ.

ಸುಟ್ಟ ವಾಸನೆ ಬಂದ ಹಿಂದೆಯೇ ಯಂತ್ರದ ಸಂದುಗಳಿಂದ ಎಳೆಹೊಗೆ ಬಂತು. ಹೆಂಡತಿ ಓಡಿಬಂದು ಮೊದಲು ಸಿಲಿಂಡರಿನ ವಾಲ್ವು ತಿರುಗಿಸಿದಳು, ಆಮೇಲೆ ಮೇನ್ ಸ್ವಿಚ್ಚು ಕೆಡವಿದಳು, ಕೊನೆಗೆ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಳು. ಅಷ್ಟರಲ್ಲಿ ಉರಿ ತಾನಾಗಿಯೇ ನಿಂತಿತ್ತು. ನಾನು ನಾಲಿಗೆ ಕಟ್ಟಿದರೂ ಒಳಗೆ ಇನ್ನೊಬ್ಬ ಕಾವಲುಗಾರನಿದ್ದ. ಬಿಸಿ ಮಿತಿ ಮೀರಿದರೆ ಗ್ಯಾಸು ತಡೆಯುವ ಥರ್ಮೋಸ್ಟಾಟ್. ಅದರ ಪರಿಚಯ ನನಗಿರಲಿಲ್ಲ. ಇದ್ದಿದ್ದರೆ ಅದನ್ನೂ ಕಟ್ಟುತ್ತಿದ್ದೆ.

ಹತ್ತು-ಹನ್ನೆರಡು ಜನ ಅತಿಥಿಗಳು ಮಳೆಯಲ್ಲಿ ತೊಪ್ಪೆಯಾಗಿ ಬಂದು ಟವೆಲ್ ಕೇಳಿದರು. ಮನೆಯಲ್ಲಿ ಒಣಗಿದ ಬಟ್ಟೆ ಎಂದರೆ ಬೀರುವಿನಲ್ಲಿದ್ದ, ಮದುವೆ-ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಪಂಚೆ-ಟವೆಲ್ ಸೆಟ್ಟುಗಳು. ಅವನ್ನೇ ಹಂಚಿದೆವು. ಉಡುಗೊರೆ ಟವೆಲ್ಲಿನ ಮಹಿಮೆ ಗೊತ್ತಿದ್ದವರಿಗೆ ಗೊತ್ತು. ಅದು ನೀರು ಹೀರುವುದಿಲ್ಲ, ಜಾಗ ಬದಲಿಸುತ್ತದೆ. ಒಬ್ಬ ಬೆನ್ನು ಒರೆಸಿಕೊಂಡಂತೆಲ್ಲ ಗಂಜಿ ಹಾಕಿದ ಬಟ್ಟೆ ಚರಚರ ಸದ್ದು ಮಾಡುತ್ತಿತ್ತು, ನೀರು ಬೆನ್ನಿಂದ ಭುಜಕ್ಕೆ, ಭುಜದಿಂದ ಹೊಟ್ಟೆಗೆ ಪ್ರವಾಸ ಹೊರಟಿತ್ತು. ಕೊನೆಗೆ ಎಲ್ಲರೂ ಬಚ್ಚಲ ಒಲೆಯ ಮುಂದೆ ಸಾಲಾಗಿ ಕೂತರು. ಒಣಮೀನಿನ ಮಾತು ಯಾರೂ ಎತ್ತಲಿಲ್ಲ.

ಸೋಮವಾರ ಮೆಕ್ಯಾನಿಕ್ ಬಂದ. ಮಂಗಳೂರಿನವನು. ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಚಾರ್ಮಾಡಿ ಹತ್ತಿ, ಮಂಜಿನಲ್ಲಿ ಕಣ್ಣು ಕಾಣದೆ ಕೊಟ್ಟಿಗೆಹಾರದಲ್ಲಿ ನಿಂತು, ನೀರುದೋಸೆ ತಿಂದು, ಹನ್ನೊಂದಕ್ಕೆ ತಲುಪಿದ. ಮೊದಲು ಯಂತ್ರದ ಹತ್ತಿರ ಹೋಗಲಿಲ್ಲ. ಮನೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೌದೆ ಕೊಟ್ಟಿಗೆಯ ಮುಂದೆ ನಿಂತು ತಲೆಯೆತ್ತಿ ನೋಡಿದ. ಬಹಳ ಹೊತ್ತು ನೋಡಿದ.

“ಈ ಜಾಲರಿ ಯಾರು ಹೊಡೆದದ್ದು ಸಾರ್?”

“ಮೊದಲಿಂದ ಇತ್ತು” ಅಂದೆ.

ಏಣಿ ಹಾಕಿ ಜಾಲರಿ ಬಿಚ್ಚಿದ. ಅದರ ಒಳಮೈಗೆ ಬೆರಳು ದಪ್ಪದ ಜುಂಗು ಅಚ್ಚೊತ್ತಿ ಕೂತಿತ್ತು; ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ. ಸುರುಳಿ ಪೈಪನ್ನು ಅಟ್ಟದ ತೊಲೆಯಿಂದ ಕೆಳಗಿಳಿಸಿದ. ಟ್ಯಾಂಕಿನ ಹತ್ತಿರ ಜೋತುಬಿದ್ದಿದ್ದ ಭಾಗ ಎತ್ತಲಾರದಷ್ಟು ಭಾರ. ಕತ್ತರಿ ಹಾಕಿದ ಕೂಡಲೇ ಬಕೆಟ್ಟಿನ ಕಾಲುಭಾಗದಷ್ಟು ಬೂದುಬಣ್ಣದ ನೀರು, ಅದರ ಜೊತೆ ನೆನೆದ ನೂಲಿನ ಗಸಿ ಸುರಿಯಿತು. ಹಬೆ ಅಷ್ಟು ದೂರ ಹೋಗುವಷ್ಟರಲ್ಲಿ ತಣಿದು ನೀರಾಗಿ ಅಲ್ಲೇ ಕೆರೆ ಕಟ್ಟಿತ್ತು. ಕೆರೆಯ ಪಕ್ಕದ ಒಣಭಾಗದಲ್ಲಿ ಪ್ಲಾಸ್ಟಿಕ್ಕು ಮೆತ್ತಗಾಗಿ ಒಳಕ್ಕೆ ಸೊರಗಿತ್ತು.

ಆಮೇಲೆ ಮುಂದಿನ ತಗಡು ತೆಗೆದ. ಗೋಣಿದಾರ ಕಂಡಿತು. ಅವನು ಏನೂ ಅನ್ನಲಿಲ್ಲ. ಮೊಬೈಲು ತೆಗೆದು ಒಂದು ಫೋಟೊ ಹೊಡೆದುಕೊಂಡ. ಅದು ಯಾವ್ಯಾವ ಊರಿನ ಮೆಕ್ಯಾನಿಕ್ಕುಗಳ ಗ್ರೂಪಿನಲ್ಲಿ ಓಡಾಡುತ್ತಿದೆಯೋ ದೇವರಿಗೇ ಗೊತ್ತು.

“ಸಾರ್, ನೀವು ಕಣದಲ್ಲಿ ಕಾಫಿ ಹರವಿ ಸುಮ್ನೆ ಬಿಡ್ತೀರಾ?”

“ಬಿಟ್ರೆ ಬೂಷ್ಟು ಬರುತ್ತೆ. ಗಂಟೆಗೊಂದ್ಸಲ ತಿರುವಬೇಕು.”

“ಯಾಕೆ?”

“ಗಾಳಿ ಆಡ್ಬೇಕಲ್ಲ.”

“ಮತ್ತೆ?” ಅಂದ. ಅಷ್ಟೇ ಅಂದದ್ದು. ಮೂವತ್ತು ವರ್ಷ ಕಣದ ಬದಿ ನಿಂತು ಆಳುಗಳಿಗೆ ‘ತಿರುವಿ, ತಿರುವಿ’ ಎಂದು ಕೂಗಿದ ನನ್ನ ಗಂಟಲು ಒಣಗಿತು. ಅಂದು ಮನೆಯಲ್ಲಿ ಸರಿಯಾಗಿ ಒಣಗಿದ ವಸ್ತು ಅದೊಂದೇ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಬಟ್ಟೆ ಒಣಗಿಸುವುದು ಬಿಸಿಯಲ್ಲ, ಗಾಳಿ. ಬಿಸಿಯ ಕೆಲಸ ಗಾಳಿಗೆ ಬಾಯಾರಿಕೆ ಹುಟ್ಟಿಸುವುದು. ನಮ್ಮ ಮಳೆಗಾಲದ 20 ಡಿಗ್ರಿಯ ಗಾಳಿ ನೀರು ಕುಡಿದು ತೇಗಿರುತ್ತದೆ, ಇನ್ನು ಹನಿಯೂ ಹಿಡಿಸದು. ಅದನ್ನೇ 70 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 7-8ಕ್ಕೆ ಇಳಿಯುತ್ತದೆ, ಸಿಕ್ಕ ನೀರನ್ನೆಲ್ಲ ಹೀರುತ್ತದೆ. ಹೀರಿದ ಮೇಲೆ ಅದು ಹೊರಗೆ ಹೋಗಬೇಕು, ಅದರ ಜಾಗಕ್ಕೆ ಹೊಸ ಗಾಳಿ ಬರಬೇಕು. 15 ಕೆಜಿ ಬಟ್ಟೆ ವಾಷಿಂಗ್ ಮಷೀನಿನಲ್ಲಿ ಹಿಂಡಿದ ಮೇಲೂ ಏಳೆಂಟು ಲೀಟರ್ ನೀರು ಇಟ್ಟುಕೊಂಡಿರುತ್ತದೆ. ಅಷ್ಟೂ ಆ ಪೈಪಿನ ಬಾಯಿಂದಲೇ ಹಬೆಯಾಗಿ ಹೋಗಬೇಕು. ಬಾಯಿ ಕಟ್ಟಿದರೆ ಬಟ್ಟೆ ತನ್ನದೇ ಹಬೆಯಲ್ಲಿ ಬೇಯುತ್ತದೆ. ತಗಡಿನ ನಾಲಿಗೆ ಗಾಳಿಯ ಸ್ವಿಚ್ಚು: ಫ್ಯಾನು ಸಾಕಷ್ಟು ಗಾಳಿ ಎಳೆಯುತ್ತಿದ್ದರೆ ಮಾತ್ರ ಒತ್ತಿಕೊಂಡು ಉರಿಗೆ ಅಪ್ಪಣೆ ಕೊಡುತ್ತದೆ. ಅದು ಕೆಟ್ಟಿರಲಿಲ್ಲ. ಆ ಮನೆಯಲ್ಲಿ ಕೆಲಸ ಸರಿಯಾಗಿ ಮಾಡುತ್ತಿದ್ದದ್ದು ಅದೊಂದೇ, ನಾನು ಅದರ ಬಾಯಿ ಹೊಲಿದಿದ್ದೆ.

ಜರಡಿಯನ್ನು ನಲ್ಲಿಯಡಿ ಹಿಡಿದು ಇನ್ನೊಂದು ಚಮತ್ಕಾರ ತೋರಿಸಿದ. ಕಣ್ಣಿಗೆ ಚೊಕ್ಕಟವಾಗಿ ಕಂಡ ಬಲೆಯ ಮೇಲೆ ನೀರು ಸೋರದೆ ಕೊಳವಾಗಿ ನಿಂತಿತು. ಅತಿಥಿಗಳಿಗೆ ಘಮಘಮ ಇರಲಿ ಎಂದು ನಾವು ಸುರಿಯುತ್ತಿದ್ದ ಕಂಫರ್ಟು ಬಲೆಯ ಕಣ್ಣುಗಳಿಗೆ ಮೇಣದ ಪೊರೆ ಹಿಡಿಸಿತ್ತು. ಬಿಸಿನೀರು, ಪಾತ್ರೆ ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು. ಮೆಲ್ಲಗೆ ಉಜ್ಜಿದ ಮೇಲೆ ನೀರು ಸರಕ್ಕನೆ ಇಳಿಯಿತು. ವಾರಕ್ಕೊಮ್ಮೆ ಈ ಪರೀಕ್ಷೆ ಮಾಡಿ, ಪೂರ್ತಿ ಒಣಗಿಸಿ ವಾಪಸು ಹಾಕಿ ಅಂದ. ಜರಡಿ ಕೂರುವ ಗೂಡನ್ನು ತಿಂಗಳಿಗೊಮ್ಮೆ ವ್ಯಾಕ್ಯೂಮಿನಲ್ಲಿ ಎಳೆಸಿ, ಡ್ರಮ್ಮಿನೊಳಗಿನ ತೇವ ನೋಡುವ ಎರಡು ಪಟ್ಟಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಲ್ಟು-ಗಾಲಿ-ಬರ್ನರ್ ನನಗೆ ಬಿಡಿ, ಗ್ಯಾಸಿನ ಪೈಪಿಗಂತೂ ಕೈಹಚ್ಚಬೇಡಿ. ಕೊನೆಯ ವಾಕ್ಯವನ್ನು ನನ್ನ ಹೆಂಡತಿಯ ಮುಖ ನೋಡಿ ಹೇಳಿದ.

ಹೊರಡುವ ಮೊದಲು ಮೂಲೆಯ ಬುಟ್ಟಿಯಲ್ಲಿದ್ದ ಹಳದಿಬಣ್ಣದ ಟವೆಲ್ ರಾಶಿ ಮೂಸಿದ. “ಎಳ್ಳೆಣ್ಣೆ?” ಹೌದು, ಕೇಳಿದವರಿಗೆ ನಾವು ಎಣ್ಣೆಸ್ನಾನವನ್ನೂ ಮಾಡಿಸುತ್ತೇವೆ, ಅದಕ್ಕೆ ಬೇರೆ ಚಾರ್ಜು. ಅವನು ಮೊದಲ ಬಾರಿಗೆ ಗಂಭೀರನಾದ. ಎಳ್ಳೆಣ್ಣೆಯಂಥ ಎಣ್ಣೆ ನೂಲಿನಲ್ಲಿ ಇಂಗಿ ಉಳಿದರೆ ಗಾಳಿಯ ಆಮ್ಲಜನಕದೊಡನೆ ಸೇರಿ ತಾನೇ ಬಿಸಿಯಾಗುತ್ತದೆ. ಸಾಧಾರಣ ತೊಳೆತಕ್ಕೆ ಪೂರ್ತಿ ಹೋಗುವುದಿಲ್ಲ. ಅಂಥ ಟವೆಲ್ಲನ್ನು ಡ್ರೈಯರಿನಲ್ಲಿ ಕಾಯಿಸಿ, ಬಿಸಿಬಿಸಿ ಇರುವಾಗಲೇ ಮಡಚಿ ರಾಶಿ ಹಾಕಿದರೆ ಒಳಗಿನ ಕಾವು ಹೊರಬರಲಾರದೆ ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆ ನಡುರಾತ್ರಿ ಬೆಂಕಿ ಏಳಬಹುದು. ಯಂತ್ರ ಕೊನೆಯ ಹತ್ತು ನಿಮಿಷ ಬರೀ ತಣ್ಣನೆ ಗಾಳಿಯಲ್ಲಿ ಬಟ್ಟೆ ತಿರುಗಿಸುವುದು ಅದಕ್ಕೇ. ನಾನು ಆ ಹತ್ತು ನಿಮಿಷ ದಂಡ ಎಂದು ಮಧ್ಯದಲ್ಲೇ ನಿಲ್ಲಿಸುತ್ತಿದ್ದೆ. ಎಣ್ಣೆ ಟವೆಲ್ಲುಗಳಿಗೆ ಅಂದಿನಿಂದ ಡ್ರೈಯರ್ ನಿಷೇಧ. ಅವು ಜಗಲಿಯ ತಂತಿಯ ಮೇಲೆ ಮಖೆ ಮಳೆ ಮುಗಿಯಲೆಂದು ಕಾಯುತ್ತವೆ.

ಅವನು ಹೋದ ಮೇಲೆ ನಾನು ಓದಿದೆ. ಓದುವುದನ್ನು ಹೀಗೆ ಎಲ್ಲ ಮುಗಿದ ಮೇಲೆ ಮಾಡುವುದು ನನ್ನ ಕ್ರಮ. ಅಮೆರಿಕದ ಅಗ್ನಿಶಾಮಕ ಇಲಾಖೆಯ ಲೆಕ್ಕದಲ್ಲಿ 2008ರಿಂದ 2010ರವರೆಗೆ ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು. ಕಾರಣಗಳಲ್ಲಿ ಮೊದಲನೆಯದು ಶುಚಿ ಮಾಡದೇ ಇದ್ದದ್ದು, ಶೇ. 34. ಜೂನ್ ಡೇ ಕಂಡುಹಿಡಿದ ದೇಶದಲ್ಲೂ ನನ್ನಂಥವರು ಇಷ್ಟು ಜನ ಇದ್ದಾರಲ್ಲ ಎಂದು ಸಮಾಧಾನವಾಯಿತು. ಹೆಂಡತಿಗೂ ಓದಿ ಹೇಳಿದೆ. “ಗೋಣಿದಾರ ಕಟ್ಟಿದೋರ ಲೆಕ್ಕ ಬೇರೆ ಕೊಟ್ಟಿದಾರಾ?” ಅಂದಳು.

ಜ್ಞಾನೋದಯವಾದ ಮನುಷ್ಯ ಅಜ್ಞಾನಿಗಿಂತ ಅಪಾಯಕಾರಿ. ಸೆಪ್ಟೆಂಬರಿನಲ್ಲಿ ಮಳೆ ಹೊಳವಾದಾಗ ಪೈಪು ಶುಚಿ ಮಾಡುವ ಉಮೇದು ಬಂತು. ಈಗ ಅಲ್ಲಿ ಮತ್ತೆ ತಗಡಿನ ನೇರ ಪೈಪು, ರೆಕ್ಕೆ ಬಾಗಿಲು. ಯಂತ್ರದಿಂದ ಬಿಡಿಸಿ, ಒಳಗಿನಿಂದ ಹೊರಕ್ಕೆ ಬ್ರಷ್ಷು ಹಾಕಿ ಎಂದು ಮೆಕ್ಯಾನಿಕ್ ಹೇಳಿದ್ದ. ಬಿಡಿಸುವುದು ಯಾಕೆ, ಬ್ರಷ್ಷು ಯಾಕೆ, ತೋಟದಲ್ಲಿ ತರಗೆಲೆ ಊದುವ ಪೆಟ್ರೋಲ್ ಬ್ಲೋವರ್ ಇದೆಯಲ್ಲ! ಅದೇ ಹೊತ್ತಿಗೆ ಕಳಸದ ಭಾವ ಬಂದರು. ಅವರೂ ಹೋಂಸ್ಟೇ ಮಾಡಿದ್ದಾರೆ, ಹೊರನಾಡು ದರ್ಶನ ಮುಗಿಸಿ ಬರುವ ಭಕ್ತರು ಅವರ ಗಿರಾಕಿಗಳು. ಡ್ರೈಯರ್ ಕೊಳ್ಳುವ ಯೋಚನೆ ಇತ್ತು, ನೋಡಿಹೋಗಲು ಬಂದಿದ್ದರು. ಬಿಳಿ ಶರಟು, ಬಿಳಿ ಪಂಚೆ. ಮೂಡಿಗೆರೆಯಲ್ಲೊಂದು ನಿಶ್ಚಿತಾರ್ಥಕ್ಕೆ ಹೋಗುವ ದಾರಿ.

“ಒಳಗೆ ಹೋಗಿ ಡ್ರಮ್ ನೋಡಿ ಭಾವ, ಎಂಥ ಯಂತ್ರ ಗೊತ್ತಾ” ಎಂದು ಕಳಿಸಿ, ನಾನು ಹೊರಗೆ ಬ್ಲೋವರ್ ಚಾಲೂ ಮಾಡಿ ಪೈಪಿನ ಬಾಯಿಗೆ ಇಟ್ಟೆ. ಹೊರಬಾಯಿಗೆ. ರೆಕ್ಕೆ ಬಾಗಿಲನ್ನು ಬೆರಳಿನಲ್ಲಿ ಎತ್ತಿ ಹಿಡಿದು, ಬಹಳ ಶ್ರದ್ಧೆಯಿಂದ, ಹೊರಗಿನಿಂದ ಒಳಕ್ಕೆ ಊದಿದೆ. ಪೈಪಿನಲ್ಲಿದ್ದದ್ದೆಲ್ಲ ಫ್ಯಾನಿನ ಗೂಡು ಹಾದು, ಜರಡಿ ಒಣಗಲೆಂದು ಹೊರಗಿಟ್ಟು ತೆರೆದಿದ್ದ ಕಿಂಡಿಯಿಂದ ಕೋಣೆಗೆ ನುಗ್ಗಿತು. ಕಿಂಡಿಯ ಮುಂದೆ ಭಾವ ಬಗ್ಗಿ ಇಣುಕುತ್ತಿದ್ದರು. ಪಕ್ಕದ ಮೇಜಿನ ಮೇಲೆ ಅಂದು ಬೆಳಿಗ್ಗೆ ಇಸ್ತ್ರಿ ಮಾಡಿಟ್ಟ ಬೆಡ್‌ಶೀಟುಗಳಿದ್ದವು.

ಬ್ಲೋವರಿನ ಸದ್ದಿಗೆ ಅವರು ಕೂಗಿದ್ದು ನನಗೆ ಕೇಳಲಿಲ್ಲ. ನಿಲ್ಲಿಸಿ ಒಳಗೆ ಹೋದಾಗ ಭಾವನಿಗೆ ಹುಬ್ಬು ಯಾವುದು, ಮೀಸೆ ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಅಮ್ಮ ಮೊರ ಹಿಡಿದು ಬಂದು ಅವರ ಭುಜ ಕೊಡವುತ್ತಿದ್ದಳು. ಭಾವ ಮೂರು ಸಲ ಸೀನಿ, ಕನ್ನಡಕ ತೆಗೆದು, ಕನ್ನಡಕದಡಿಯ ಎರಡೇ ಎರಡು ಚೊಕ್ಕಟ ವೃತ್ತಗಳಿಂದ ನನ್ನನ್ನು ನೋಡಿದರು. “ಒಣಗೋದೇನೋ ಚೆನ್ನಾಗಿ ಒಣಗುತ್ತೆ ಮಾರಾಯ. ಒಳಗೆ ನಿಂತಿರೋನಿಗೆ ಮೊದಲೇ ಹೇಳ್ಬೇಕು ಅಷ್ಟೆ.” ನಿಶ್ಚಿತಾರ್ಥಕ್ಕೆ ನನ್ನ ಶರಟು ಹಾಕಿಕೊಂಡು ಹೋದರು. ಅದು ಹೊಟ್ಟೆಯ ಹತ್ತಿರ ಕೂಡುತ್ತಿರಲಿಲ್ಲ.

ಈಗ ಯಂತ್ರದ ಪಕ್ಕದ ಗೋಡೆಯಲ್ಲಿ ಹೆಂಡತಿ ಒಂದು ಪಟ್ಟಿ ಅಂಟಿಸಿದ್ದಾಳೆ. ತಾರೀಕು, ಎಷ್ಟನೇ ಲೋಡು, ಜರಡಿ ಕ್ಲೀನ್ ಆಯಿತೇ, ಸಹಿ. ಸಹಿ ಹಾಕುವ ಅಧಿಕಾರ ರೂಮು ಗುಡಿಸುವ ಹುಡುಗನಿಗೆ. ಅವನಿಲ್ಲದ ದಿನ ಅಮ್ಮನಿಗೆ. ಟೂಲ್ ಬಾಕ್ಸಿಗೆ ಬೀಗ ಬಿದ್ದಿದೆ, ಬೀಗದ ಕೈ ಹೆಂಡತಿಯ ತಾಳಿಸರದಲ್ಲಿದೆ. ಗೋಣಿದಾರದ ಉಂಡೆ ಕೂಡ ಒಳಗಿನ ಬೀರುವಿಗೆ ಹೋಗಿದೆ, ಕೊಯ್ಲಿನ ಸಮಯದಲ್ಲಿ ಮೂಟೆಗೆ ಇಷ್ಟುದ್ದ ಎಂದು ಅಳೆದು ಕೊಡುತ್ತಾರಂತೆ. ತಿಂಗಳಿಗೊಮ್ಮೆ ಹುಡುಗ ಜರಡಿಯ ಗೂಡಿಗೆ ವ್ಯಾಕ್ಯೂಮ್ ಹಾಕುವಾಗ ಟಾರ್ಚು ಹಿಡಿಯುವ ಕೆಲಸ ನನಗೆ ಕೊಟ್ಟಿದ್ದಾರೆ. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂದು ಮೊನ್ನೆ ದೂರು ಹೋಗಿದೆ.